ನಿಯತ್ತು ಮೊದಲು, ನಿರ್ಧಾರ ಆಮೇಲೆ

ನಮ್ಮ ಭೀಮಾ ತೀರದಲ್ಲಿ ‘ನಿಯತ್ತಿನ ಮನುಷ್ಯ’ ಎಂದರೆ ಪ್ರಾಮಾಣಿಕ ಎಂದರ್ಥ. ಮುಸ್ಲಿಮರೂ ಹಾಗೆ ಹೇಳುತ್ತಾರೆ, ಇತರರೂ ಹೇಳುತ್ತಾರೆ. ಅರಬಿಯ ‘ನಿಯ್ಯತ್’ ಪದಕ್ಕೆ ಉದ್ದೇಶ, ಸಂಕಲ್ಪ ಎಂಬ ಅರ್ಥವಿದೆ. ಕನ್ನಡದಲ್ಲಿ ಅದೇ ಪದ ಪ್ರಾಮಾಣಿಕತೆಯ ಹೆಸರಾಯಿತು. ಉದ್ದೇಶ ನೆಟ್ಟಗಿದ್ದವನ ಕೆಲಸವೂ ನೆಟ್ಟಗಿರುತ್ತದೆ ಎಂಬ ತಿಳಿವಳಿಕೆ ಆ ಪದದಲ್ಲೇ ಇದೆ.

ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹವನ್ನು ಹಝ್ರತ್ ಉಮರ್ (ರ) ವರದಿ ಮಾಡಿದ ನಿಯ್ಯತ್‌ನ ಹದೀಸಿನಿಂದಲೇ ಆರಂಭಿಸಿದ್ದಾರೆ. ಕರ್ಮಗಳ ಬೆಲೆ ಉದ್ದೇಶವನ್ನು ಅವಲಂಬಿಸಿದೆ ಎಂಬುದು ಅದರ ತಿರುಳು. ಹಿಜ್ರತ್ ಮಾಡಿದವರು ನಡೆದ ದಾರಿ ಒಂದೇ. ಆದರೆ ಅಲ್ಲಾಹನಿಗಾಗಿ ಹೊರಟವರಿಗೆ ಸಿಕ್ಕಿದ್ದು ಬೇರೆ, ಲೌಕಿಕ ಲಾಭಕ್ಕಾಗಿ ಹೊರಟವರಿಗೆ ಸಿಕ್ಕಿದ್ದು ಬೇರೆ.

ಇನ್ನು ನಮ್ಮ ಮನೆಗಳನ್ನು ನೋಡೋಣ. ತೊಗರಿ ಬಿತ್ತುವ ಮುನ್ನ ಬೀಜ ಯಾವುದು, ಮಳೆ ಹೇಗೆ, ನೆಲದಲ್ಲಿ ಹಸಿ ಎಷ್ಟಿದೆ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಮಗಳ ಓದನ್ನು ಮಾತ್ರ ಯಾರನ್ನೂ ಕೇಳದೆ ನಿಲ್ಲಿಸುತ್ತೇವೆ. ಅನೇಕ ಮನೆಗಳಲ್ಲಿ ಅದನ್ನು ಯಾರೂ ನಿರ್ಧರಿಸಿರುವುದೇ ಇಲ್ಲ. ಪಿಯುಸಿ ಮುಗಿಯಿತು, ಅರ್ಜಿಯ ದಿನ ದಾಟಿತು, ಅಷ್ಟೇ. ಮಗ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುತ್ತಾನೆ, ಏಕೆಂದರೆ ಗೆಳೆಯ ಹೋಗಿದ್ದಾನೆ. ಮದುವೆಗೆ ಬಡ್ಡಿಯ ಸಾಲ ತರುತ್ತೇವೆ, ಏಕೆಂದರೆ ಪಕ್ಕದ ಮನೆಯವರು ಅಷ್ಟು ಖರ್ಚು ಮಾಡಿದ್ದಾರೆ. ನಾವು ಆರಿಸದಿದ್ದರೂ ಆಯ್ಕೆ ನಡೆದೇ ಹೋಗುತ್ತದೆ. ಅದರ ಹೊರೆ ಮಾತ್ರ ನಮ್ಮ ಮಕ್ಕಳ ಹೆಗಲಿಗೆ ಬೀಳುತ್ತದೆ.

ದೀನ್ ನಮಗೆ ಸ್ಪಷ್ಟವಾದ ಕ್ರಮವನ್ನು ಕಲಿಸಿದೆ. ಮೊದಲು ನಿಯ್ಯತ್: ಇದನ್ನು ಯಾರಿಗಾಗಿ, ಏತಕ್ಕಾಗಿ ಮಾಡುತ್ತಿದ್ದೇನೆ? ಜನ ಮೆಚ್ಚಲಿ ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಬೇಕು. ಆಮೇಲೆ ಮಶ್ವರಾ, ಅಂದರೆ ಬಲ್ಲವರೊಡನೆ ಸಮಾಲೋಚನೆ. ಯಾರ ಬದುಕಿನ ವಿಷಯವೋ ಅವರನ್ನೂ ಕೇಳಲೇಬೇಕು. ಮದುವೆಗೆ ಹೆಣ್ಣುಮಗಳ ಒಪ್ಪಿಗೆ ಪಡೆಯಲು ಪ್ರವಾದಿ(ಸ)ಯವರು ಆದೇಶಿಸಿದ್ದಾರೆ. ಹಾಗಿರುವಾಗ ಅವಳ ಓದಿನ ವಿಷಯದಲ್ಲಿ ಅವಳನ್ನೇ ಕೇಳದಿರುವುದು ಯಾವ ನ್ಯಾಯ?

ನಂತರ ಇಸ್ತಿಖಾರಾ. ಎರಡು ರಕಅತ್ ನಫಿಲ್ ನಮಾಝ್ ಮತ್ತು ದುಆ. ಇದು ಹಲಾಲ್ ಆದ ಕೆಲಸಗಳಿಗೆ ಮಾತ್ರ. ಬಡ್ಡಿಗೆ, ಲಂಚಕ್ಕೆ ಇಸ್ತಿಖಾರಾ ಇಲ್ಲ. ಕನಸು ಬೀಳಲೇಬೇಕೆಂದು ಹಲವರು ಕಾಯುತ್ತಾರೆ. ಹಝ್ರತ್ ಜಾಬಿರ್ (ರ) ವರದಿ ಮಾಡಿದ ಹದೀಸಿನಲ್ಲಿ ಕನಸಿನ ಮಾತೇ ಇಲ್ಲ. ಒಳಿತಿದ್ದರೆ ಸುಲಭಗೊಳಿಸು, ಕೆಡುಕಿದ್ದರೆ ದೂರವಿರಿಸು ಎಂಬ ಬೇಡಿಕೆಯಷ್ಟೇ ಇದೆ.

ಕೊನೆಗೆ ತವಕ್ಕುಲ್. ಹಿಜರಿ 3ರ ಉಹುದ್ ಸಂದರ್ಭದಲ್ಲಿ ಮದೀನಾದೊಳಗಿದ್ದೇ ಶತ್ರುವನ್ನು ಎದುರಿಸುವುದು ಪ್ರವಾದಿ(ಸ)ಯವರ ಒಲವಾಗಿತ್ತು. ಸಹಾಬಿಗಳಲ್ಲಿ ಅನೇಕರು ಹೊರಗೆ ಹೋಗೋಣ ಎಂದರು. ಅವರ ಮಾತಿಗೆ ಒಪ್ಪಿ ಕವಚ ತೊಟ್ಟ ಮೇಲೆ, ಹಾಗೆ ಹೇಳಿದವರೇ ಹಿಂಜರಿದರೂ ಪ್ರವಾದಿ(ಸ)ಯವರು ಹಿಂದೆ ಸರಿಯಲಿಲ್ಲ. ಆ ದಿನ ಮುಸ್ಲಿಮರಿಗೆ ದೊಡ್ಡ ನಷ್ಟವಾಯಿತು. ಆದರೂ ಆ ಬಳಿಕ ಅವತೀರ್ಣವಾದ ಆಲಿ ಇಮ್ರಾನ್ ಅಧ್ಯಾಯದ 159ನೇ ವಚನ ಸಮಾಲೋಚನೆಯನ್ನು ಕೈಬಿಡಲು ಹೇಳಲಿಲ್ಲ. ಅವರೊಡನೆ ಸಮಾಲೋಚಿಸಲು, ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಆದೇಶಿಸಿತು. ಫಲ ಅಲ್ಲಾಹನ ಕೈಯಲ್ಲಿದೆ. ಸರಿಯಾಗಿ ನಿರ್ಧರಿಸುವ ಹೊಣೆ ನಮ್ಮದು.

ಕಸುಬಿನಲ್ಲೂ ಇದೇ ಕ್ರಮ. ಹಲಾಲ್ ಅನ್ನಕ್ಕಾಗಿ ದುಡಿಯುತ್ತೇನೆ ಎಂಬ ನಿಯ್ಯತ್ ಇದ್ದರೆ ಹಮಾಲಿಯೂ ಇಬಾದತ್. ಆ ನಿಯ್ಯತ್ ಇರುವವನ ತಕ್ಕಡಿ ವಾಲುವುದಿಲ್ಲ, ಒಣ ತೊಗರಿಯ ಚೀಲದೊಳಗೆ ಹಸಿ ಕಾಳು ಸೇರುವುದಿಲ್ಲ.

ಓದುವ ಮಕ್ಕಳಿಗೆ ದಾರಿಗಳೂ ಇವೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದವರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ. ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿಯೇ ಬೀಬಿ ರಝಾ ಕಾಲೇಜು ಇದೆ. ಅರ್ಜಿಯ ದಿನ ದಾಟುವ ಮೊದಲೇ, ಒಂದು ರಾತ್ರಿ ಇಶಾ ನಮಾಝ್ ಆದ ಮೇಲೆ ಮನೆಮಂದಿಯೆಲ್ಲ ಕೂಡಿ ಕುಳಿತುಕೊಳ್ಳಿ. ಮೊದಲು ಮಗಳು ಮಾತಾಡಲಿ, ಹಿರಿಯರು ಕೇಳಲಿ.

ಅಲ್ಲಾಹನು ನಮ್ಮ ನಿಯ್ಯತ್‌ಗಳನ್ನು ಶುದ್ಧಗೊಳಿಸಲಿ, ನಮ್ಮ ನಿರ್ಧಾರಗಳಲ್ಲಿ ಬರಕತ್ ನೀಡಲಿ. ಆಮೀನ್.