ಕಾಡ್ಗಿಚ್ಚಿನ ಹೊಗೆ ಮನೆಗೆ ನುಗ್ಗಿದೆಯಾ? ಒದ್ದೆ ಬಟ್ಟೆ ಈಗಲೇ ಬೇಡ

ಫೆಬ್ರವರಿ ಬಂತಂದ್ರೆ ಶಿಕಾರಿಪುರ, ಸೊರಬ ಕಡೆ ಕಾಡಿನ ತರಗೆಲೆ ಒಣಗಿ ಗರಿಗರಿ. ಸೊಪ್ಪಿನ ಬೆಟ್ಟಕ್ಕೋ ಅಕೇಶಿಯಾ ತೋಪಿಗೋ ಬೆಂಕಿ ಬಿದ್ದರೆ ಅದು ಊರಿನವರೆಗೆ ಬರದಿದ್ದರೂ ಹೊಗೆ ಬರುತ್ತೆ. ಹಂಚಿನ ಮನೆಯಾದರೆ ಸಂದಿಸಂದಿಯಲ್ಲೂ ನುಗ್ಗುತ್ತೆ. ಮಾರನೇ ದಿನ ಎಲ್ಲರೂ ಮೊದಲು ಹಿಡಿಯೋದು ಒದ್ದೆ ಬಟ್ಟೆ. ಅದನ್ನ ಸ್ವಲ್ಪ ತಡೆಯಿರಿ.

ಮಸಿ ಬರೀ ಧೂಳಲ್ಲ. ಸೊಪ್ಪು, ಕಟ್ಟಿಗೆ ಪೂರ್ತಿ ಉರಿಯದೆ ಉಳಿದ ಇಂಗಾಲದ ಕಣ, ಜೊತೆಗೆ ಜಿಡ್ಡು. ನೀರು ಹಚ್ಚಿ ಉಜ್ಜಿದರೆ ಸುಣ್ಣದ ಗೋಡೆ, ಮರ, ಬಟ್ಟೆ ಒಳಗೆ ಇಳಿದು ಕೂರುತ್ತೆ. ಹಾಗಾಗಿ ಮೊದಲು ಒಣ ಕೆಲಸ. ಗೋಡೆಗೆ ಒಣ ಸ್ಪಂಜು, ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ, ಒತ್ತದೆ. ಮಸಿ ತೆಗೆಯದೆ ಸುಣ್ಣ ಬಳಿದರೆ ಕಲೆ ಮತ್ತೆ ಮೇಲೆ ಬರುತ್ತೆ.

ನೆಲದ ಬೂದಿ ಮಾತ್ರ ಬೇರೆ. ಅದಕ್ಕೆ ನೀರು ಚಿಮುಕಿಸಿ ನಿಧಾನ ಗುಡಿಸಿ. ಬ್ಲೋವರ್ ತಂದು ಊದಿಸೋ ಐಡಿಯಾ ಬೇಡ್ವೇ ಬೇಡ, ಸಣ್ಣ ಕಣ ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಟವೆಲ್ ಕಟ್ಟಿಕೊಂಡರೆ ಸಾಲದು, ಎನ್-95 ಮಾಸ್ಕ್ ಹಾಕಿ. ಒದ್ದೆ ಬೂದಿ ಕ್ಷಾರ, ಕೈಗೆ ಗ್ಲೌಸ್ ಇರಲಿ. ಮಕ್ಕಳು, ದಮ್ಮು ಇರುವವರು ಆ ಹೊತ್ತು ಬೇರೆ ಮನೆಯಲ್ಲಿರಲಿ.

ನಮ್ಮ ಕಡೆ ಸುಮಾರು ಮನೆಗಳಲ್ಲಿ ಸೊರಬ, ಸಾಗರದ ಗುಡಿಗಾರರು ಕೆತ್ತಿದ ಗಂಧದ ಮೂರ್ತಿನೋ ಪೆಟ್ಟಿಗೆನೋ ಇರುತ್ತೆ. ಕಪ್ಪಾಯ್ತು ಅಂತ ಎಣ್ಣೆ ಸವರೋರೇ ಜಾಸ್ತಿ. ಎಣ್ಣೆ ಮಸಿಯನ್ನ ಕೆತ್ತನೆಯೊಳಗೇ ಅಂಟಿಸಿಬಿಡುತ್ತೆ. ಮೆತ್ತನೆಯ ಹೊಸ ಪೇಂಟ್ ಬ್ರಷ್ಷಿನಿಂದ ಒಣದಾಗಿಯೇ ಝಾಡಿಸಿ, ಮೂಲೆಗೆ ಹತ್ತಿಕಡ್ಡಿ. ಒಂದಿಡೀ ಸಂಜೆ ಹಿಡಿಯುತ್ತೆ, ಆದರೆ ಮತ್ತೆ ಸಿಗದ ವಸ್ತು ಅದು.

ಬಟ್ಟೆಯನ್ನ ಹೊರಗೆ ಕೊಡವಿ, ತಣ್ಣೀರಲ್ಲಿ ಸೋಪಿನ ಪುಡಿ ಹಾಕಿ ಒಗೆಯಿರಿ. ವಾಸನೆ ಹೋಗೋವರೆಗೆ ಇಸ್ತ್ರಿ ಬೇಡ, ಬಿಸಿಗೆ ಕಲೆ ಗಟ್ಟಿಯಾಗುತ್ತೆ. ರೇಷ್ಮೆ ಸೀರೆಗೆ ನೆರಳಲ್ಲಿ ಗಾಳಿ, ಕಲೆ ಇದ್ದರೆ ಡ್ರೈಕ್ಲೀನಿಂಗ್. ಹಾಸಿಗೆಗೆ ಎರಡು ಮೂರು ದಿನ ಬಿಸಿಲು. ವಾಸನೆ ಅಂತ ಊದುಬತ್ತಿ ಹಚ್ಚಬೇಡಿ, ಅದೂ ಹೊಗೆನೇ. ಹೊರಗಿನ ಹೊಗೆ ಕಳೆದ ಮೇಲೆ ಕಿಟಕಿ ತೆಗೆಯಿರಿ. ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್, ಆ್ಯಸಿಡ್ ಬೆರೆಸಿದರೆ ವಿಷಾನಿಲ ಏಳುತ್ತೆ.

ಫ್ಯಾನು, ಸ್ವಿಚ್‌ಬೋರ್ಡು ಮುಟ್ಟೋ ಮೊದಲು ಮೇನ್ ಆಫ್. ತೆರೆದಿಟ್ಟ ಹಾಲು, ಅನ್ನ ಚೆಲ್ಲಿ.

ಬರೀ ಸೊಪ್ಪು-ಸೌದೆಯ ಬೂದಿ ಗೊಬ್ಬರದ ಗುಂಡಿಗೆ ಸ್ವಲ್ಪ ಸ್ವಲ್ಪ ಹಾಕಬಹುದು, ಪೊಟ್ಯಾಷ್ ಇರುತ್ತೆ. ಟಾರ್ಪಾಲು, ಡ್ರಿಪ್ ಪೈಪು ಸುಟ್ಟು ಸೇರಿದ್ದರೆ ಗುಂಡಿಗೂ ಬೇಡ, ತೋಟಕ್ಕೂ ಬೇಡ.