ಮುಖ ತೋರಿಸುವ ಕಟ್ಟಳೆ

ಮುಖವನ್ನು ಮರೆಮಾಡುವ ವಸ್ತ್ರಕ್ಕೆ ನಮ್ಮಲ್ಲಿ ಹೆಸರುಗಳ ಕೊರತೆಯಿಲ್ಲ. ಮುಸುಕು ಎನ್ನುತ್ತೇವೆ, ಸಂಸ್ಕೃತದ ಒಲವುಳ್ಳವರು ಅವಗುಂಠನವೆನ್ನುತ್ತಾರೆ, ಹಿರಿಯರ ಬಾಯಲ್ಲಿ ಗೋಷಾ ಎಂಬ ಮಾತೂ ರೂಢಿಯಲ್ಲಿತ್ತು. ಬೆಂಗಳೂರಿನ ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆಯೆಂಬ ಹೆಸರು ಇಂದಿಗೂ ಉಳಿದಿದೆ. ನಮಗೆ ಇದು ಕಂಡು ಹಳೆಯದಾದ ಸಂಗತಿ. ಫ್ರಾನ್ಸ್ ದೇಶದಲ್ಲಾದರೋ ಇದು ಶಾಸನಸಭೆಯೂ ನ್ಯಾಯಪೀಠಗಳೂ ಬಗೆಹರಿಸಬೇಕಾದ ಪ್ರಶ್ನೆಯಾಯಿತು. 2022ರಲ್ಲಿ ನಮ್ಮ ನ್ಯಾಯಾಲಯಗಳ ಮುಂದೆ ಬಂದದ್ದು ತರಗತಿಯಲ್ಲಿ ತಲೆವಸ್ತ್ರದ ಪ್ರಶ್ನೆ. ನಾನೀಗ ಹೇಳಹೊರಟಿರುವುದು ಬೀದಿಯಲ್ಲಿ ಮುಖವನ್ನೇ ಮುಚ್ಚುವ ಮುಸುಕಿನ ಪ್ರಶ್ನೆ. ಎರಡನ್ನೂ ಬೆರೆಸದಿರುವುದು ಲೇಸು.

2010ರ ಅಕ್ಟೋಬರ್ 11ರಂದು ಫ್ರಾನ್ಸಿನಲ್ಲಿ ಒಂದು ಕಾಯಿದೆಯಾಯಿತು. ಸಾರ್ವಜನಿಕ ಸ್ಥಳದಲ್ಲಿ ಮುಖವನ್ನು ಮರೆಮಾಡುವ ಉಡುಪನ್ನು ಯಾರೂ ಧರಿಸತಕ್ಕದ್ದಲ್ಲ ಎಂಬುದು ಅದರ ತಿರುಳು. ತಪ್ಪಿದವರಿಗೆ 150 ಯೂರೋವರೆಗೆ ದಂಡ. ಆರೋಗ್ಯ, ಉದ್ಯೋಗ, ಕ್ರೀಡೆ, ಹಬ್ಬ, ಇವುಗಳಿಗೆ ವಿನಾಯಿತಿ ಉಂಟು. ಇಡೀ ಕಾಯಿದೆಯಲ್ಲಿ ಇಸ್ಲಾಂ ಎಂಬ ಹೆಸರಾಗಲಿ ಬುರ್ಖಾ ಎಂಬ ಹೆಸರಾಗಲಿ ಇಲ್ಲ. ಆದರೆ ಅದು ಯಾರನ್ನು ಕುರಿತದ್ದೆಂಬುದು ಎಲ್ಲರಿಗೂ ತಿಳಿದಿತ್ತು. ಸುಮಾರು 6.5 ಕೋಟಿ ಜನರ ಆ ದೇಶದಲ್ಲಿ 2009ರ ಕೊನೆಗೆ ಪೂರ್ಣ ಮುಸುಕು ಧರಿಸುತ್ತಿದ್ದ ಸ್ತ್ರೀಯರು ಅಂದಾಜು 1,900 ಮಂದಿ. ಇಂಥ ಸಾರಾಸಗಟು ನಿಷೇಧಕ್ಕೆ ಭದ್ರವಾದ ಕಾನೂನಿನ ಆಧಾರ ದೊರೆಯದೆಂದು ಸರ್ಕಾರಕ್ಕೆ ಸಲಹೆ ನೀಡುವ ಉನ್ನತ ಮಂಡಲಿಯೇ ಮುಂಚಿತವಾಗಿ ಎಚ್ಚರಿಸಿತ್ತು. ಪ್ರಭುತ್ವವು ಮತದಿಂದ ದೂರವಿರಬೇಕೆಂಬ ತತ್ತ್ವ ಕಚೇರಿಗೂ ಶಾಲೆಗೂ ಸಲ್ಲುವುದು. ಬೀದಿಯಲ್ಲಿ ನಡೆಯುವ ಪ್ರಜೆಗೆ ಅದನ್ನು ಹೇರಲಾಗದು. ಆದರೂ ಕೆಳಮನೆಯಲ್ಲಿ 335 ಮತಗಳು ಪರವಾಗಿ ಬಿದ್ದವು, ವಿರೋಧವಾಗಿ ಒಂದೇ ಒಂದು.

2011ರ ಏಪ್ರಿಲ್ 11ರಂದು ಕಾಯಿದೆ ಜಾರಿಗೆ ಬಂತು. ಅದೇ ದಿನ, ಪಾಕಿಸ್ತಾನದಲ್ಲಿ 1990ರಲ್ಲಿ ಹುಟ್ಟಿದ ಒಬ್ಬ ಫ್ರೆಂಚ್ ಪ್ರಜೆ ಸ್ಟ್ರಾಸ್‌ಬರ್ಗಿನ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದಳು. ದಾಖಲೆಗಳಲ್ಲಿ ಆಕೆ ಎಸ್. ಎ. ಎಸ್. ಎಂಬ ಮೂರಕ್ಷರವಷ್ಟೆ. ಆಕೆಯ ಮಾತು ಗಮನಿಸತಕ್ಕದ್ದು. ಗಂಡನಾಗಲಿ ಮನೆಯವರಾಗಲಿ ತನ್ನನ್ನು ಬಲವಂತಪಡಿಸಿಲ್ಲ. ಸದಾಕಾಲ ಮುಸುಕು ಧರಿಸುವವಳೂ ತಾನಲ್ಲ. ವಿಮಾನ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ ಗುರುತು ಕೇಳಿದರೆ ಮುಖ ತೋರಿಸಲು ತನ್ನ ಅಡ್ಡಿಯಿಲ್ಲ. ಆದರೆ ತನ್ನ ಶ್ರದ್ಧೆ ಬಯಸಿದಾಗ ಧರಿಸುವ ಸ್ವಾತಂತ್ರ್ಯ ಬೇಕು.

2014ರ ಜುಲೈ 1ರಂದು ತೀರ್ಪು ಬಂತು. ಅದನ್ನು ಓದುವವನಿಗೆ ಮೊದಲು ಆಶ್ಚರ್ಯವಾಗುತ್ತದೆ. ಸರ್ಕಾರ ಮುಂದಿಟ್ಟ ಕಾರಣಗಳನ್ನು ನ್ಯಾಯಾಲಯ ಒಂದೊಂದಾಗಿ ತಳ್ಳಿಹಾಕುತ್ತದೆ. ಭದ್ರತೆಯೇ? ಅಪಾಯದ ಶಂಕೆಯಿರುವೆಡೆ ಮುಖ ತೋರಿಸೆಂದರೆ ಸಾಕು. ಸ್ತ್ರೀ ಸಮಾನತೆಯೇ? ಸ್ತ್ರೀಯರೇ ಸಮರ್ಥಿಸುವ ಆಚಾರವನ್ನು ಅವರ ಸಮಾನತೆಯ ಹೆಸರಿನಲ್ಲಿ ನಿಷೇಧಿಸಲಾಗದು. ಮಾನವ ಘನತೆಯೇ? ಅದೂ ನಿಲ್ಲದು. ಇಷ್ಟಾದ ಮೇಲೆ ಅರ್ಜಿದಾರಳು ಗೆದ್ದಳೆಂದೇ ಭಾವಿಸುತ್ತೇವೆ. ಆಗ ನಾಲ್ಕನೆಯದೊಂದು ಕಾರಣ ಬರುತ್ತದೆ: ಕೂಡಿ ಬಾಳುವುದು. ಪರಸ್ಪರ ಸಂಪರ್ಕದಲ್ಲಿ ಮುಖಕ್ಕೆ ವಿಶೇಷ ಸ್ಥಾನವಿದೆ. ಅದನ್ನು ಮುಚ್ಚಿದವರು ಇತರರೊಡನೆ ಬೆರೆಯುವ ದಾರಿಗೆ ಅಡ್ಡಗೋಡೆ ಕಟ್ಟಿದಂತೆ. ಈ ವಿಷಯದಲ್ಲಿ ಆಯಾ ದೇಶದ ಆಯ್ಕೆಗೆ ಮನ್ನಣೆ ಸಲ್ಲಬೇಕು. ಹದಿನೈದು ನ್ಯಾಯಾಧೀಶರು ಹೀಗೆಂದರು. ಭಿನ್ನಮತ ಬರೆದ ಇಬ್ಬರು, ಒಲ್ಲದವರನ್ನು ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸುವ ಹಕ್ಕು ಯಾರಿಗೂ ಇಲ್ಲವೆಂದು ವಾದಿಸಿದರು.

ನನ್ನ ಮನಸ್ಸು ಆ ಇಬ್ಬರ ಕಡೆಗೇ ಒಲಿಯುತ್ತದೆ. ಮುಸುಕು ನನಗೆ ಪ್ರಿಯವಾದ ವಸ್ತುವೆಂದಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವನು ನಾನು. ಎದುರಿನ ಮುಖ ನೋಡದೆ ಪದ್ಯದ ಅರ್ಥ ತಲುಪಿತೇ ಇಲ್ಲವೇ ಎಂದು ತಿಳಿಯುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೆ ಅದು ನನ್ನ ಅನುಕೂಲದ ಮಾತು. ಈ ಭಾಷಣ ಕೇಳುತ್ತಿರುವ ತಮಗೂ ನನ್ನ ಮುಖ ಕಾಣುತ್ತಿಲ್ಲ, ಆದರೂ ಸಂಪರ್ಕ ಕಡಿದಿಲ್ಲವಷ್ಟೆ. ಬಲವಂತದಿಂದ ಮುಸುಕು ಹೊತ್ತವಳ ಸಂಕಟ ಸುಳ್ಳಲ್ಲ. ಅದಕ್ಕೆಂದೇ ಅದೇ ಕಾಯಿದೆಯಲ್ಲಿ, ಹೆಣ್ಣನ್ನು ಬಲವಂತಪಡಿಸಿದವನಿಗೆ ಒಂದು ವರ್ಷದ ಸೆರೆ ಮತ್ತು 30,000 ಯೂರೋ ದಂಡದ ವಿಧಿಯಿದೆ. ಅದು ನ್ಯಾಯ. ಬಲವಂತಕ್ಕೆ ಒಳಗಾದವಳಿಗೇ ದಂಡ ಹಾಕುವುದು ಯಾವ ನ್ಯಾಯ?

2020ರ ಮೇ ತಿಂಗಳಲ್ಲಿ, ಸಾಂಕ್ರಾಮಿಕದ ಕಾಲಕ್ಕೆ, ಪ್ಯಾರಿಸ್ಸಿನ ರೈಲುಗಳಲ್ಲಿ ಮೂಗು ಬಾಯಿ ಮುಚ್ಚದವರಿಗೆ 135 ಯೂರೋ ದಂಡವೆಂದು ಆಜ್ಞೆಯಾಯಿತು. ಮುಸುಕಿನ ನಿಷೇಧವೂ ಆಗ ಜಾರಿಯಲ್ಲಿಯೇ ಇತ್ತು.

ಪ್ರಶ್ನೆ ಸ್ಟ್ರಾಸ್‌ಬರ್ಗಿನಲ್ಲಿ ಮುಗಿಯಲಿಲ್ಲ. 2012ರಲ್ಲಿ ದಂಡನೆಗೊಳಗಾದ ಇಬ್ಬರು ಸ್ತ್ರೀಯರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರಿತ್ತರು. 2018ರ ಅಕ್ಟೋಬರಿನಲ್ಲಿ ಪ್ರಕಟವಾದ ನಿರ್ಣಯದಲ್ಲಿ, ಫ್ರಾನ್ಸ್ ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಉಲ್ಲಂಘಿಸಿದೆಯೆಂದು ಸಮಿತಿ ಹೇಳಿತು. ಕೂಡಿ ಬಾಳುವುದೆಂಬ ಕಾರಣ ಅದಕ್ಕೆ ಅಸ್ಪಷ್ಟವಾಗಿ ಕಂಡಿತು. ನಿಷೇಧದಿಂದ ಈ ಸ್ತ್ರೀಯರು ಮನೆಯೊಳಗೇ ಬಂದಿಗಳಾದಾರೆಂಬ ಆತಂಕವನ್ನೂ ಅದು ವ್ಯಕ್ತಪಡಿಸಿತು. ಸಮಿತಿಯ ಮಾತಿಗೆ ನ್ಯಾಯಾಲಯದ ತೀರ್ಪಿನ ಬಲವಿಲ್ಲ. ಕಾಯಿದೆ ಇಂದಿಗೂ ಹಾಗೆಯೇ ಇದೆ.