ಸಾಕುನಾಯಿಯ ಸ್ನಾನ: ಮನೆಯಂಗಳದಲ್ಲೋ, ಹಳ್ಳದಲ್ಲೋ?

ಶಿರಸಿ ತಾಲೂಕಿನ ಎಕ್ಕಂಬಿ ಮಲೆನಾಡಿನ ಸೆರಗಿನಲ್ಲಿರುವ ಊರು. ಅಡಿಕೆ ತೋಟ, ಭತ್ತದ ಗದ್ದೆ, ಕಾಡು ಇವು ಇಲ್ಲಿ ಒಂದರ ಮಗ್ಗುಲಿಗೆ ಒಂದು ಇವೆ. ತೋಟಕ್ಕೆ ನುಗ್ಗುವ ಮಂಗ, ಗದ್ದೆಗೆ ಬೀಳುವ ಹಂದಿ ಇವನ್ನು ಬೆದರಿಸಲು ನಾಯಿ ಬೇಕು. ಹೀಗಾಗಿ ಈ ಕಡೆ ನಾಯಿಯಿಲ್ಲದ ರೈತನ ಮನೆ ಅಪರೂಪ. ದನಕ್ಕೆ ಮೈ ತೊಳೆಸುವುದನ್ನು ನಮ್ಮ ರೈತರು ಮರೆಯುವುದಿಲ್ಲ. ನಾಯಿಯ ಮೈ ತೊಳೆಯುವುದು ಮಾತ್ರ ಯಾರಿಗೂ ಸೇರದ ಕೆಲಸವಾಗಿ ಉಳಿದಿದೆ. ಮೈತುಂಬ ಉಣ್ಣೆ ಹತ್ತಿ ನಾಯಿ ಕೆರೆದುಕೊಳ್ಳತೊಡಗಿದಾಗ ಹುಡುಗರು ಅದನ್ನು ಹಳ್ಳಕ್ಕೆ ಎಳೆದೊಯ್ದು ಬಟ್ಟೆ ತೊಳೆಯುವ ಸೋಪು ತಿಕ್ಕಿ ಬಿಡುತ್ತಾರೆ. ಇನ್ನು ಕೆಲವರು ಫಿನಾಯಿಲ್ ನೀರು ಸುರಿಯುತ್ತಾರೆ, ಸೀಮೆಎಣ್ಣೆ ಸವರುತ್ತಾರೆ. ಇವುಗಳಿಂದ ನಾಯಿಗೂ ಮನೆಯವರಿಗೂ ಆಗುವ ಹಾನಿ ಸಣ್ಣದಲ್ಲ.

ಅಮೆರಿಕ, ಆಸ್ಟ್ರೇಲಿಯ, ಯುರೋಪಿನ ಪಟ್ಟಣಗಳಲ್ಲಿ ನಾಯಿ ತೊಳೆಯುವುದಕ್ಕೆಂದೇ ಅಂಗಡಿಗಳಿವೆ. ಸೊಂಟದೆತ್ತರದ ತೊಟ್ಟಿ, ಅದಕ್ಕೆ ಬೆಚ್ಚಗಿನ ನೀರಿನ ಕೊಳವೆ, ಶ್ಯಾಂಪೂ, ಒಣಗಿಸುವ ಗಾಳಿಯಂತ್ರ ಎಲ್ಲವೂ ಅಲ್ಲಿ ಸಿದ್ಧವಿರುತ್ತವೆ. ಯಜಮಾನನು ಹಣ ಹಾಕಿ ತನ್ನ ನಾಯಿಯನ್ನು ತಾನೇ ತೊಳೆದುಕೊಂಡು ಹೋಗುತ್ತಾನೆ. ಬೆಂಗಳೂರಿನಂಥ ನಗರಗಳಲ್ಲಿ ಕೂಲಿ ಪಡೆದು ನಾಯಿ ತೊಳೆದುಕೊಡುವ ಅಂಗಡಿಗಳು ನಡೆಯುತ್ತಿವೆ. ಮೂರನೆಯ ಅಂತಸ್ತಿನ ಮನೆಯಲ್ಲಿ ನಾಯಿ ಸಾಕಿದವರಿಗೆ ಇದು ಅನುಕೂಲ. ಅಂಗಳ, ಬಾವಿ, ಬಚ್ಚಲ ಹಂಡೆ ಮೂರೂ ಇರುವ ರೈತನಿಗೆ ಇದರ ಅಗತ್ಯ ಕಾಣುವುದಿಲ್ಲ. ಆದರೂ ಆ ಅಂಗಡಿಗಳ ಏರ್ಪಾಡಿನಲ್ಲಿ ನಾವು ಅನುಸರಿಸತಕ್ಕ ಕೆಲವು ಸಂಗತಿಗಳಿವೆ. ನಾಯಿ ಎತ್ತರದ ಕಟ್ಟೆಯ ಮೇಲೆ ನಿಲ್ಲುತ್ತದೆ, ಕಾಲು ಜಾರುವುದಿಲ್ಲ, ನೀರು ಬೆಚ್ಚಗಿರುತ್ತದೆ, ಕೊಳೆನೀರು ನಿಲ್ಲದೆ ಹರಿದುಹೋಗುತ್ತದೆ.

ಸಾರ್ವಜನಿಕ ಸ್ಥಳ ಏಕೆ ಬೇಡ?

ನಮ್ಮಲ್ಲಿ ನಾಯಿ ತೊಳೆಯುವ ಸಾರ್ವಜನಿಕ ಸ್ಥಳವೆಂದರೆ ಹಳ್ಳ, ಇಲ್ಲವೇ ದನ ಮೈತೊಳೆಯುವ ಕೆರೆಯ ದಡ. ನಾಲ್ಕು ಮನೆಯ ನಾಯಿಗಳು ಬಂದುಹೋಗುವ ಕಡೆ ಕಜ್ಜಿ ಒಂದರಿಂದ ಇನ್ನೊಂದಕ್ಕೆ ಹತ್ತುತ್ತದೆ. ಮರಿನಾಯಿಗಳಿಗೆ ರಕ್ತಭೇದಿ ತರುವ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಜೀವಂತವಿರಬಲ್ಲದು. ಲಸಿಕೆ ಪೂರ್ಣವಾಗದ ಮರಿಯನ್ನು ಅಂಥ ಕಡೆ ಒಯ್ಯಲೇಬಾರದು.

ಹಳ್ಳದಲ್ಲಿ ಮುಳುಗಿಸಿದರೆ ಉಣ್ಣೆ ಸಾಯುತ್ತದೆಂಬ ನಂಬಿಕೆ ಅನೇಕರಲ್ಲಿದೆ. ಇದು ತಪ್ಪು. ಉಣ್ಣೆ ಬಹು ನಿಧಾನವಾಗಿ ಉಸಿರಾಡುವ ಪ್ರಾಣಿ. ನೀರಿನಡಿ ಗಂಟೆಗಟ್ಟಲೆ ಇದ್ದರೂ ಸಾಯುವುದಿಲ್ಲ. ಚರ್ಮಕ್ಕೆ ಬಾಯಿ ನೆಟ್ಟ ಉಣ್ಣೆ ನೀರಿನ ರಭಸಕ್ಕೆ ಕಳಚುವುದೂ ಇಲ್ಲ. ಇನ್ನು ಉಣ್ಣೆಯ ಔಷಧಿ ಹಚ್ಚಿ ಹಳ್ಳದಲ್ಲಿ ತೊಳೆಯುವುದಂತೂ ದೊಡ್ಡ ಅಪರಾಧವೇ ಸರಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮುಂತಾದ ಔಷಧಿಗಳು ಮೀನು, ಸಿಗಡಿ, ಏಡಿಗಳಿಗೆ ಕಡು ವಿಷ. ಕೆಳಗಿನ ಊರಿನವರು ಅದೇ ನೀರನ್ನು ದನಕ್ಕೆ ಕುಡಿಸುತ್ತಾರೆಂಬುದನ್ನೂ ನೆನಪಿಡಬೇಕು.

ಬೈಕು, ಟ್ರ್ಯಾಕ್ಟರು ತೊಳೆಯುವ ಸರ್ವಿಸ್ ಸ್ಟೇಷನ್ನಿನಲ್ಲಿ ನಾಯಿಯನ್ನೂ ನಿಲ್ಲಿಸಿ ನೀರು ಹೊಡೆಸಿದರೆ ಸುಲಭವಲ್ಲವೇ ಎಂದು ಕೇಳುವವರುಂಟು. ಕಬ್ಬಿಣಕ್ಕೆ ಅಂಟಿದ ಕೆಸರನ್ನು ಕೀಳುವ ಒತ್ತಡದ ನೀರು ನಾಯಿಯ ಕಿವಿಗೆ, ಕಣ್ಣಿಗೆ ಬಿದ್ದರೆ ಗತಿಯೇನು? ಒಮ್ಮೆ ಹೆದರಿದ ನಾಯಿ ಮುಂದೆ ನೀರಿನ ಚೊಂಬು ಕಂಡರೂ ಕಚ್ಚಲು ಬರುತ್ತದೆ.

ಮನೆಯಲ್ಲಿ ಸ್ನಾನ

ಕೊಟ್ಟಿಗೆಯ ಪಕ್ಕದಲ್ಲಿ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಚಿಕ್ಕ ಕಟ್ಟೆಯನ್ನು ಕಲ್ಲಿನಲ್ಲಿ ಕಟ್ಟಿಕೊಳ್ಳಬಹುದು. ಮೇಲ್ಮೈ ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿರಲಿ. ಹಗ್ಗ ಕಟ್ಟಲು ಒಂದು ಕಬ್ಬಿಣದ ಬಳೆ ಹುದುಗಿಸಬೇಕು. ತೊಳೆಯುವಾಗ ಕಟ್ಟೆಯ ಮೇಲೆ ಗೋಣಿಚೀಲ ಹಾಸಿದರೆ ನಾಯಿಯ ಕಾಲು ಜಾರುವುದಿಲ್ಲ. ಕಾಲು ಜಾರುವ ಹೆದರಿಕೆಯಿಂದಲೇ ಹೆಚ್ಚಿನ ನಾಯಿಗಳು ಸ್ನಾನಕ್ಕೆ ಒದ್ದಾಡುತ್ತವೆ. ಕಟ್ಟೆ ಬಾವಿಯಿಂದ ಕನಿಷ್ಠ ಐವತ್ತು ಅಡಿ ದೂರವಿರಬೇಕು. ಬರೀ ಸ್ನಾನದ ನೀರನ್ನು ಬಾಳೆಯ ಬುಡಕ್ಕೆ ಬಿಡಬಹುದು. ಔಷಧಿ ಬೆರೆತ ನೀರಿಗೆ ಜಲ್ಲಿ ತುಂಬಿದ ಇಂಗುಗುಂಡಿ ಬೇಕು.

ಸ್ನಾನಕ್ಕೆ ಮೊದಲು ಒಣ ಮೈಯನ್ನು ಬಾಚಣಿಗೆಯಿಂದ ಬಾಚಿ, ಉದುರುವ ಕೂದಲು, ಅಂಟುಕಾಯಿ ತೆಗೆಯಬೇಕು. ಕಿವಿಯೊಳಗೆ ನೀರು ಇಳಿಯದಂತೆ ಸಡಿಲವಾಗಿ ಹತ್ತಿ ಇಡಬೇಕು. ಆಮೇಲೆ ಅದನ್ನು ತೆಗೆಯಲು ಮರೆಯಬಾರದು. ಹಂಡೆಯ ಬಿಸಿನೀರನ್ನು ಹಾಗೆಯೇ ಸುರಿಯದೆ ತಣ್ಣೀರು ಬೆರೆಸಿ, ಮೊಣಕೈಯಿಂದ ಮುಟ್ಟಿ ನೋಡಿ ಉಗುರುಬೆಚ್ಚಗಿರುವಂತೆ ಮಾಡಿಕೊಳ್ಳಬೇಕು. ನೀರನ್ನು ಕುತ್ತಿಗೆಯಿಂದ ಹಿಂದಕ್ಕೆ ಹಾಕುತ್ತ ಬರಬೇಕು. ಮುಖಕ್ಕೆ ಎರಚದೆ ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಸೋಪಿನ ವಿಷಯದಲ್ಲಿ ಎಚ್ಚರ ಅಗತ್ಯ. ಮನುಷ್ಯನ ಚರ್ಮ ಸ್ವಲ್ಪ ಆಮ್ಲಗುಣದ್ದು, ನಾಯಿಯದು ಹೆಚ್ಚುಕಡಿಮೆ ತಟಸ್ಥ. ಅದರ ಹೊರಪದರವೂ ನಮ್ಮದಕ್ಕಿಂತ ತೆಳು. ಬಟ್ಟೆ ಸೋಪಿನ ಕ್ಷಾರ ಈ ಚರ್ಮದ ಜಿಡ್ಡನ್ನೆಲ್ಲ ತೆಗೆದುಹಾಕುವುದರಿಂದ ಮೈ ಒಣಗಿ ಹೊಟ್ಟು ಏಳುತ್ತದೆ, ನವೆ ಮೊದಲಿಗಿಂತ ಹೆಚ್ಚುತ್ತದೆ. ನಾಯಿಗೆಂದೇ ಮಾಡಿದ ಶ್ಯಾಂಪೂ ಸ್ವಲ್ಪ ಉಪಯೋಗಿಸುವುದು ಮೇಲು. ನಮ್ಮ ಕಡೆಯ ಅಂಟುವಾಳದ ನೊರೆಯೂ ಕೊಳೆ ತೆಗೆಯುತ್ತದೆ, ಆದರೆ ಕಣ್ಣಿಗೆ ಬಿದ್ದರೆ ಬಹಳ ಉರಿ. ಅದರಿಂದ ಉಣ್ಣೆ ಹೋಗುತ್ತದೆಂದು ನೆಚ್ಚಿಕೊಳ್ಳಬಾರದು. ಯಾವುದನ್ನೇ ಹಚ್ಚಲಿ, ಜಿಗುಟು ಉಳಿಯದಂತೆ ಎರಡು ಮೂರು ಸಲ ನೀರು ಹಾಕಿ ತೊಳೆಯಬೇಕು.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುತ್ತ ಸೆಕೆ ಕಳೆದುಕೊಳ್ಳುತ್ತದೆ. ಆದ್ದರಿಂದ ಅದಕ್ಕೆ ದಿನನಿತ್ಯದ ಸ್ನಾನ ಬೇಡ. ತಿಂಗಳಿಗೆ ಒಂದು ಸಲ ಧಾರಾಳವಾಯಿತು. ಎರಡು ತಿಂಗಳೊಳಗಿನ ಮರಿ, ದಿನ ತುಂಬಿದ ಗಬ್ಬದ ನಾಯಿ, ಜ್ವರ ಬಂದ ನಾಯಿ ಇವುಗಳಿಗೆ ಸ್ನಾನ ಮಾಡಿಸಬಾರದು. ಮಳೆಗಾಲದಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಮೈಯಲ್ಲೇ ಮಲಗುವ ನಾಯಿಗೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಬೂಷ್ಟು ರೋಗ ಹತ್ತುವುದು ಸಾಮಾನ್ಯ. ಹಳೆಯ ಪಂಚೆಯಿಂದ ಒರೆಸಿ ಬಚ್ಚಲ ಒಲೆಯ ಬಳಿ, ಕೆಂಡದಿಂದ ಸ್ವಲ್ಪ ದೂರದಲ್ಲಿ ಕಟ್ಟಬಹುದು.

ಉಣ್ಣೆಯ ಪ್ರಶ್ನೆ

ನಿಜವಾಗಿ ನೋಡಿದರೆ ನಮ್ಮ ಭಾಗದ ನಾಯಿಗೆ ಸ್ನಾನಕ್ಕಿಂತ ಬಾಚಣಿಗೆ ಹೆಚ್ಚು ಅಗತ್ಯ. ಇದಕ್ಕೆ ಕಾರಣವಿದೆ.

ನಾಯಿಯ ಮೈಮೇಲೆ ಸಾಮಾನ್ಯವಾಗಿ ಕಾಣುವುದು ಕಂದು ಉಣ್ಣೆ. ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎಳೆ ಉಣ್ಣೆ, ಬೆಳೆದ ಉಣ್ಣೆ ಎಂದು ಇದರ ಬಾಳಿಗೆ ನಾಲ್ಕು ಹಂತ. ಪ್ರತಿಯೊಂದು ಹಂತದಲ್ಲೂ ಅದು ಕೆಲವು ದಿನ ಮಾತ್ರ ನಾಯಿಯ ರಕ್ತ ಹೀರಿ ಕೆಳಗೆ ಉದುರುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಗೋಡೆಯ ಬಿರುಕಿನಲ್ಲಿ, ಕಟ್ಟೆಯ ಸಂದಿಯಲ್ಲಿ ಸೇರಿಕೊಂಡು ಸಾವಿರಾರು ಮೊಟ್ಟೆ ಇಡುತ್ತದೆ. ಬೆಳೆದ ಉಣ್ಣೆ ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಅಂದರೆ ನಾವು ನಾಯಿಯ ಮೈಮೇಲೆ ಕಾಣುವುದು ಉಣ್ಣೆಗಳ ಚಿಕ್ಕ ಪಾಲು. ಉಳಿದವೆಲ್ಲ ನಾಯಿ ಮಲಗುವ ಜಾಗದಲ್ಲಿವೆ. ಎಷ್ಟು ಸ್ನಾನ ಮಾಡಿಸಿದರೂ ವಾರದೊಳಗೆ ಮತ್ತೆ ಉಣ್ಣೆ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ನಾಯಿ ಮಲಗುವ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಕಂದು ಉಣ್ಣೆ ಮೇಲಕ್ಕೆ ಹತ್ತುವ ಸ್ವಭಾವದ್ದಾದುದರಿಂದ ನೆಲವನ್ನಷ್ಟೇ ಅಲ್ಲದೆ ಗೋಡೆ, ಕಿಟಕಿಯ ಮೂಲೆಗಳನ್ನೂ ನೋಡಬೇಕು. ಇದು ನಾಯಿಗೆ ತರುವ ಉಣ್ಣೆಜ್ವರ ಕೆಟ್ಟದ್ದು. ಜ್ವರ, ಅನ್ನ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಂದುಬಣ್ಣದ ಮೂತ್ರ ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಇನ್ನು ಕಾಡಿನ ಉಣ್ಣೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲಿಯೂ ಈ ಕಾಯಿಲೆ ಹಬ್ಬಿ ಸಾವುಗಳಾದವು. ಇದನ್ನು ಹರಡುವುದು ಕಾಡಿನ ತರಗೆಲೆಯಲ್ಲಿರುವ ಬೇರೆ ಜಾತಿಯ ಉಣ್ಣೆ. ನಾಯಿಯ ಕಂದು ಉಣ್ಣೆಯಲ್ಲ. ನಾಯಿಯಿಂದಲೇ ಮಂಗನ ಕಾಯಿಲೆ ಬರುತ್ತದೆಂದು ಹೆದರಿ ಅದನ್ನು ಹೊಡೆದಟ್ಟುವುದು ಸಲ್ಲದು. ಆದರೆ ಸೊಪ್ಪಿನ ಬೆಟ್ಟಕ್ಕೆ ಯಜಮಾನನ ಹಿಂದೆ ಹೋಗಿ, ಪೊದೆ ಪೊದೆ ಮೂಸಿ ಮನೆಗೆ ಬರುವ ನಾಯಿ ಆ ಉಣ್ಣೆಯನ್ನೂ ಮೈಮೇಲೆ ಹೊತ್ತು ತರಬಹುದು. ದನಗಳ ವಿಷಯದಲ್ಲೂ ಇದೇ ಮಾತು. ನಾಯಿ ಜಗಲಿಯ ಮೇಲೆ, ಮಕ್ಕಳ ಮಗ್ಗುಲಲ್ಲಿ ಮಲಗುತ್ತದೆಂಬುದಷ್ಟೇ ವ್ಯತ್ಯಾಸ.

ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಎಳೆ ಉಣ್ಣೆ. ಅದು ಎಳ್ಳಿಗಿಂತಲೂ ಚಿಕ್ಕದು, ಹುಡುಕದೆ ಕಣ್ಣಿಗೆ ಬೀಳುವುದಿಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಇವುಗಳ ಕಾಲ; ದರಕು ಗುಡಿಸುವ, ಸೊಪ್ಪು ತರುವ ಕೆಲಸವೂ ಆಗಲೇ ಬರುತ್ತದೆ. ಈ ತಿಂಗಳುಗಳಲ್ಲಿ ನಾಯಿಯನ್ನು ಬೆಟ್ಟಕ್ಕೆ ಕರೆದೊಯ್ಯದಿರುವುದು ಉತ್ತಮ. ಹೋಗಿಬಂದರೆ, ಮನೆಯೊಳಗೆ ಬಿಡುವ ಮೊದಲೇ ಅಂಗಳದ ಕಟ್ಟೆಯ ಮೇಲೆ ನಿಲ್ಲಿಸಿ ಹಲ್ಲು ಹತ್ತಿರವಿರುವ ಬಾಚಣಿಗೆಯಿಂದ ಬಾಚಬೇಕು. ಮೈ ಹತ್ತಿದ ಉಣ್ಣೆ ಕಚ್ಚುವ ಜಾಗ ಹುಡುಕುತ್ತ ಕೆಲವು ಹೊತ್ತು ಹರಿದಾಡುತ್ತದೆ. ಆಗಲೇ ಸಿಕ್ಕಿದರೆ ಕೆಲಸ ಸುಲಭ. ಕಿವಿಯ ಒಳಮಗ್ಗುಲು, ಕೊರಳಪಟ್ಟಿಯ ಕೆಳಗೆ, ಕಂಕುಳು, ಬೆರಳ ಸಂದಿ, ಬಾಲದ ಬುಡ ಇವನ್ನು ಬಿಡದೆ ನೋಡಬೇಕು.

ಕಚ್ಚಿಕೊಂಡ ಉಣ್ಣೆಯನ್ನು ಮೊನಚಾದ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಬೇಕು. ಬೀಡಿಯಿಂದ ಸುಡುವುದು, ಸುಣ್ಣ ಅಥವಾ ಸೀಮೆಎಣ್ಣೆ ಹಚ್ಚುವುದು ಬೇಡ. ಬೆರಳಿನಲ್ಲಿ ಹಿಸುಕುವುದಂತೂ ಕೂಡದು, ಉಣ್ಣೆಯ ರಸದಲ್ಲೂ ರೋಗಾಣು ಇರಬಹುದು. ಕೈಗೆ ರಬ್ಬರ್ ಚೀಲ ಅಥವಾ ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಂಡು, ತೆಗೆದ ಉಣ್ಣೆಯನ್ನು ಸ್ಪಿರಿಟ್ ಹಾಕಿದ ಶೀಸೆಯಲ್ಲಿ ಬಿಡಬೇಕು. ಕೊನೆಗೆ ಸೋಪು ಹಚ್ಚಿ ಕೈ ತೊಳೆದು, ತನ್ನ ಬಟ್ಟೆ, ಮೈಯನ್ನೂ ನೋಡಿಕೊಳ್ಳಬೇಕು. ಮಂಗನ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿರುವುದರಿಂದ ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ಉಪಾಯ. ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಮನುಷ್ಯರ ಕೈಕಾಲಿಗೆ ಸವರಿಕೊಳ್ಳುವುದಕ್ಕೆ. ಅದನ್ನು ನಾಯಿಗೆ ಬಳಿಯಬಾರದು.

ಔಷಧಿ ಹಚ್ಚುವಾಗ

ಫಿನಾಯಿಲ್ ನೆಲಕ್ಕೆ ಮಾತ್ರ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನೀರಿಗೆ ನಾಲ್ಕು ಹನಿ ಬೆರೆಸಿ ನಾಯಿಗೆ ಹಾಕಿದರೆ ಜೊಲ್ಲು ಸುರಿದು, ಸೆಟೆದು, ಪ್ರಾಣ ಬಿಡುವ ಸಂಭವವಿದೆ. ಪಂಪಿನಲ್ಲಿ ಉಳಿದ ದ್ರಾವಣವನ್ನೂ ಮುಟ್ಟಿಸಬಾರದು.

ಪಶುವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಅಮಿಟ್ರಾಜ್. ಡಬ್ಬಿಯ ಮೇಲಿನ ಪ್ರಮಾಣ ದನಕ್ಕೋ ನಾಯಿಗೋ ಎಂಬುದನ್ನು ಕೇಳಿ ತಿಳಿದುಕೊಂಡು, ಅಳತೆ ಮುಚ್ಚಳದಲ್ಲೇ ಅಳೆದು ಬೆರೆಸಬೇಕು. ಮೊದಲು ಶ್ಯಾಂಪೂ ಸ್ನಾನ ಮಾಡಿಸಿ ನೀರು ಒರೆಸಿ, ಆಗಷ್ಟೇ ಕಲಸಿದ ದ್ರಾವಣವನ್ನು ಸ್ಪಂಜಿನಿಂದ ಕೂದಲ ಬುಡಕ್ಕೆ ಮುಟ್ಟುವಂತೆ ಹಚ್ಚಬೇಕು. ನಂತರ ನೀರಿನಿಂದ ತೊಳೆಯದೆ ಹಾಗೆಯೇ ಒಣಗಲು ಬಿಡಬೇಕು. ಒಣಗುವವರೆಗೆ ನಾಯಿಯ ಬಾಯಿಗೆ ಬಟ್ಟೆಯ ಕುಕ್ಕೆ ಕಟ್ಟುವುದಕ್ಕಿಂತ ಯಾರಾದರೂ ಹತ್ತಿರವೇ ಕುಳಿತು ನೆಕ್ಕದಂತೆ ಕಾಯುವುದು ಸರಿ. ಬಾಯಿ ಕಟ್ಟಿದ ನಾಯಿ ತೇಕಲಾರದು. ಎಳೆಯ ಮರಿಗೆ, ಗಾಯವಿರುವ ಮೈಗೆ ಇದು ಬೇಡ. ಮನೆಯಲ್ಲಿ ಬೆಕ್ಕು ಇದ್ದರೆ ಆ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು. ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ಮಾರಕ. ಈಗ ಬಾಯಿಗೆ ಕೊಡುವ ಉಣ್ಣೆಯ ಮಾತ್ರೆಗಳೂ ಬಂದಿವೆ. ಬೆಲೆ ಹೆಚ್ಚು, ಆದರೆ ಜಗಲಿಯಲ್ಲಿ ಮಕ್ಕಳೊಂದಿಗೆ ಬೆರೆಯುವ ನಾಯಿಗೆ ಕಾಡಿನ ಉಣ್ಣೆಯ ತಿಂಗಳುಗಳಲ್ಲಿ ಈ ಖರ್ಚು ಹೆಚ್ಚಲ್ಲವೆಂದು ನಮ್ಮ ಅಭಿಪ್ರಾಯ.

ಕಟ್ಟೆಯ ಮೇಲೆ ನಾಯಿಯನ್ನು ನಿಲ್ಲಿಸುವ ಮೊದಲು ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯೇ ಎಂದು ನೋಡಬೇಕು. ಎಂಥ ಸಾಧು ನಾಯಿಯೂ ಸ್ನಾನದ ಗಡಿಬಿಡಿಯಲ್ಲಿ ಪರಚುವುದುಂಟು, ಹಲ್ಲು ತಗುಲಿಸುವುದುಂಟು. ಲಸಿಕೆಯನ್ನು ಪ್ರತಿ ವರ್ಷ ಹಾಕಿಸಬೇಕು. ಸೆಪ್ಟೆಂಬರ್ 28ರ ರೇಬಿಸ್ ದಿನದ ಸುಮಾರಿಗೆ ಅನೇಕ ಕಡೆ ಪಶುಪಾಲನಾ ಇಲಾಖೆಯವರು ಉಚಿತ ಲಸಿಕೆ ಹಾಕುತ್ತಾರೆ. ಹಲ್ಲು ಅಥವಾ ಉಗುರು ತಗುಲಿ ಚರ್ಮ ಕಿತ್ತುಹೋದರೆ, ಆ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಬೆಟ್ಟಕ್ಕೆ ಹೋಗಿಬಂದ ಒಂದು ವಾರದೊಳಗೆ ಮನೆಯಲ್ಲಿ ಯಾರಿಗಾದರೂ ಒಮ್ಮೆಲೇ ಜ್ವರ ಏರಿ, ತಲೆನೋವು, ಸೊಂಟ ಮತ್ತು ಕಾಲುಗಳಲ್ಲಿ ವಿಪರೀತ ನೋವು ಬಂದರೆ, ಉಣ್ಣೆ ಕಚ್ಚಿದ ಸಂಗತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಾವಾಗಿಯೇ ಹೇಳಬೇಕು.